ಮಕ್ಕಳನ್ನು ಕರೆದುಕೊಂಡು ಹೋಗುವಾಗ ಯಾವ ಕಾಗದ ಬೇಕು?

ಪ್ರಶ್ನೆ (ಬೈಲಹೊಂಗಲದಿಂದ ಒಬ್ಬ ತಾಯಿ): ನಮಸ್ಕಾರ ಅಣ್ಣಾರ. ಏಪ್ರಿಲ್ ರಜೆಗೆ ಪಶುಪತಿನಾಥನ ದರ್ಶನ ಅಂತ ನೇಪಾಳಕ್ಕೆ ಹೊರಟಿದ್ದೇವೆ. ದೆಹಲಿಯಿಂದ ಕಠ್ಮಂಡುಗೆ ವಿಮಾನ. ನಾನು, ನಮ್ಮ ಮನೆಯವರು, ಮಗ 13 ವರ್ಷ, ಮಗಳು 4 ವರ್ಷ, ಜೊತೆಗೆ ನಮ್ಮಕ್ಕನ ಮಗಳು, ಅವಳಿಗೆ 16. ನಮ್ಮಿಬ್ಬರಿಗೂ ವೋಟರ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಯಾರಿಗೂ ಇಲ್ಲ. ಮಕ್ಕಳಿಗೆ ಆಧಾರ್ ಇದೆ, ಸಾಕಲ್ವಾ?

ಉತ್ತರ (ಬೆಳಗಾವಿಯಲ್ಲಿ ಟಿಕೆಟ್, ಪಾಸ್‌ಪೋರ್ಟ್ ಅರ್ಜಿ ಕೆಲಸ ಮಾಡುವವನು): ಅಕ್ಕಾರ, ನಿಮ್ಮ ಇಬ್ಬರು ಮಕ್ಕಳಿಗೆ ಸಾಕು. ಅಕ್ಕನ ಮಗಳಿಗೆ ಸಾಕಾಗುವುದಿಲ್ಲ. ನೇಪಾಳಕ್ಕೆ ಹೋಗುವ ನಮ್ಮವರು ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ತೋರಿಸಬೇಕು. 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದ ಹಿರಿಯರಿಗೆ ಮಾತ್ರ ವಿನಾಯಿತಿ ಇದೆ, ಅವರಿಗೆ ಫೋಟೋ ಇರುವ ಆಧಾರ್ ನಡೆಯುತ್ತದೆ. ನಡುವಿನ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ, ಊರಲ್ಲಿ ಎಲ್ಲಾ ಕೆಲಸಕ್ಕೂ ಆಧಾರ್ ನಡೆಯುತ್ತದಲ್ಲ, ಇದಕ್ಕೂ ನಡೆಯುತ್ತದೆ ಅಂದುಕೊಂಡು ಟಿಕೆಟ್ ಮಾಡಿಸಿಬಿಡುತ್ತಾರೆ.

16 ವರ್ಷದ ಹುಡುಗಿಗೆ ವೋಟರ್ ಕಾರ್ಡ್ ಹೇಗೂ ಇರುವುದಿಲ್ಲ. 15ರಿಂದ 18ರವರಿಗೆ ಒಂದು ದಾರಿ ಇದೆ: ಅವರು ಓದುವ ಸಾಲಿಯ ಪ್ರಿನ್ಸಿಪಾಲರು ಸರ್ಕಾರ ಹೇಳಿದ ನಮೂನೆಯಲ್ಲಿ ಬರೆದುಕೊಡುವ ಗುರುತಿನ ಪ್ರಮಾಣಪತ್ರ. ರಜೆ ಬಿಟ್ಟ ಮೇಲೆ ಸಹಿ ಮಾಡುವವರೇ ಸಿಗುವುದಿಲ್ಲ, ಮಾರ್ಚ್‌ನಲ್ಲೇ ಮಾಡಿಸಿಕೊಳ್ಳಿ. ಅವಳು ನಿಮ್ಮ ಮಗಳಲ್ಲ, ಹಾಗಾಗಿ ಅವಳ ಅಪ್ಪ ಅಮ್ಮನಿಂದ ಒಂದು ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸಮಯ ಇದ್ದರೆ ಅವಳಿಗೆ ಪಾಸ್‌ಪೋರ್ಟೇ ಮಾಡಿಸುವುದು ಒಳ್ಳೆಯದು.

ಚಿಕ್ಕವಳ ಬಗ್ಗೆ ಒಂದು ಮಾತು. ಅವಳ ಆಧಾರ್‌ನಲ್ಲಿ ತೊಟ್ಟಿಲ ಕಾಲದ ಫೋಟೋ ಇರಬಹುದು. 4 ವರ್ಷದ ಮುಖಕ್ಕೂ ಅದಕ್ಕೂ ತಾಳೆ ಆಗುವುದು ಕಷ್ಟ. ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರವನ್ನು ಜೊತೆಗಿಡಿ. ಯಾವುದೇ ಕಾಗದ ಆದರೂ ಮೂಲ ಪ್ರತಿ, ಮೊಬೈಲ್‌ನಲ್ಲಿನ ಫೋಟೋ ಅಲ್ಲ.

ಪ್ರಶ್ನೆ (ವಿಜಯಪುರದಿಂದ): ಸರ್, ನಮ್ಮ ತಮ್ಮ ದುಬೈನಲ್ಲಿ ಇದ್ದಾನೆ, ನೋಡಿಕೊಂಡು ಬರೋಣ ಅಂತ. ಮಗುವಿಗೆ 8 ತಿಂಗಳು. ನನ್ನ ಪಾಸ್‌ಪೋರ್ಟ್‌ನಲ್ಲೇ ಮಗುವಿನ ಹೆಸರು ಸೇರಿಸಬಹುದಾ? ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ.

ಉತ್ತರ: ಸೇರಿಸಲು ಬರುವುದಿಲ್ಲ ಸರ್, 8 ತಿಂಗಳ ಕೂಸಿಗೂ ಬೇರೆ ಪಾಸ್‌ಪೋರ್ಟ್, ಬೇರೆ ವೀಸಾ. ಆದರೆ ಮೊದಲು ಆ ಖಾಲಿ ಜಾಗ ತುಂಬಿಸಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್‌ಗೆ ಜನ್ಮದಿನದ ದಾಖಲೆ ಅಂದರೆ ಜನನ ಪ್ರಮಾಣಪತ್ರ ಒಂದೇ. ಬೇರೆ ಕಾಗದ ಒಪ್ಪುವುದಿಲ್ಲ.

ಹೋದ ವರ್ಷ ಗೋಕಾಕ ಕಡೆಯ ಒಂದು ಕುಟುಂಬ ನಮ್ಮಲ್ಲಿ ಬಂದಿತ್ತು. ಜನನ ಪ್ರಮಾಣಪತ್ರವನ್ನು ನೀಟಾಗಿ ಲ್ಯಾಮಿನೇಷನ್ ಮಾಡಿಸಿದ್ದರು, ತಂದೆ ತಾಯಿ ಹೆಸರು, ಊರು, ತಾರೀಕು ಎಲ್ಲಾ ಸರಿ. ಮಗುವಿನ ಹೆಸರಿನ ಮುಂದೆ ಮಾತ್ರ ಒಂದು ಗೆರೆ. ತೊಟ್ಟಿಲು ಹಾಕಿ ಹೆಸರಿಟ್ಟಿದ್ದಾರೆ, ಊರೆಲ್ಲ ಕರೆಯುತ್ತಾರೆ, ಆದರೆ ಕಾಗದಕ್ಕೆ ಆ ಹೆಸರು ಹೋಗಿಯೇ ಇಲ್ಲ. ಮುಂಗಡ ಕೊಟ್ಟಿದ್ದ ಪ್ರವಾಸ ಬಿಡಬೇಕಾಯಿತು. ಆ ತಾಯಿ ಕಣ್ಣಲ್ಲಿ ನೀರು ತಂದುಕೊಂಡಿದ್ದು ನನಗೆ ಇನ್ನೂ ನೆನಪಿದೆ.

ನಿಮಗೆ ಒಳ್ಳೆಯದು ಏನೆಂದರೆ, ನೋಂದಣಿಯಾಗಿ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಹೆರಿಗೆ ಎಲ್ಲಿ ಆಯಿತೋ ಅಲ್ಲಿನ ನೋಂದಣಿ ಕಚೇರಿಗೇ ಹೋಗಬೇಕು. ನಮ್ಮ ಕಡೆ ಮೊದಲ ಹೆರಿಗೆ ತವರಲ್ಲೇ ಅಲ್ವಾ? ಜಮಖಂಡಿಯಲ್ಲಿ ಹುಟ್ಟಿದ ಕೂಸಿನ ಹೆಸರನ್ನು ವಿಜಯಪುರದಲ್ಲಿ ಸೇರಿಸಿ ಅಂತ ಸುಮ್ನೆ ಅಲೆದಾಡಬೇಡಿ. ಹೆಸರು ಬರೆಸುವಾಗ ಅಡ್ಡಹೆಸರನ್ನು ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಅಕ್ಷರ ನೋಡಿ ಬರೆಸಿ.

ಉಳಿದದ್ದು ಸುಲಭ. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ (ಮಗುವಿನ ಪಾಸ್‌ಪೋರ್ಟ್‌ಗೆ ಒಪ್ಪಿಗೆ ಇದೆ ಅನ್ನುವ ಘೋಷಣೆ), ನಿಮ್ಮಿಬ್ಬರ ಪಾಸ್‌ಪೋರ್ಟ್, ಬಿಳಿ ಹಿನ್ನೆಲೆಯ ಫೋಟೋ. 4 ವರ್ಷದೊಳಗಿನ ಮಕ್ಕಳ ಫೋಟೋ ಪಾಸ್‌ಪೋರ್ಟ್ ಕೇಂದ್ರದಲ್ಲಿ ತೆಗೆಯುವುದಿಲ್ಲ, ನೀವೇ ಒಯ್ಯಬೇಕು. ಶುಲ್ಕ 1,000 ರೂಪಾಯಿ, 8 ವರ್ಷದೊಳಗಿನವರಿಗೆ ಹೊಸ ಅರ್ಜಿಯಲ್ಲಿ ಶೇ. 10 ರಿಯಾಯಿತಿ, ಅಂದರೆ 900. ಮಗುವಿನ ಪಾಸ್‌ಪೋರ್ಟ್ 5 ವರ್ಷ ಮಾತ್ರ ಬರುತ್ತದೆ, ನಿಮ್ಮದರ ಹಾಗೆ 10 ಅಲ್ಲ. ಹೆಸರು ಸೇರುವವರೆಗೆ ದುಬೈ ಟಿಕೆಟ್ ಮಾಡಿಸಬೇಡಿ.

ಪ್ರಶ್ನೆ (ಬಾಗಲಕೋಟೆಯಿಂದ): ಅಣ್ಣಾ, ನಮ್ಮದು ದೇಶದೊಳಗೇ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ, 10 ದಿನ ಬಿಟ್ಟು ವಾಪಸ್. ಮಗ ಅಲ್ಲಿದ್ದಾಗಲೇ 2 ವರ್ಷ ತುಂಬುತ್ತಾನೆ. ಏನು ಬೇಕು?

ಉತ್ತರ: ಅಪ್ಪ ಅಮ್ಮನ ಜೊತೆ ಹೋಗುವ ಮಗುವಿಗೆ ಬೇರೆ ಗುರುತಿನ ಚೀಟಿ ಕೇಳುವುದಿಲ್ಲ. ವಯಸ್ಸಿನ ದಾಖಲೆ ಕೇಳುತ್ತಾರೆ, 2 ವರ್ಷದೊಳಗಿದ್ದರೆ ಮಾತ್ರ ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಜನನ ಪ್ರಮಾಣಪತ್ರ ಅಥವಾ ಆಧಾರ್ ಸಾಕು. ವಾಪಸ್ ಬರುವಾಗ ಅವನಿಗೆ 2 ತುಂಬಿರುತ್ತದೆ, ಆ ಟಿಕೆಟ್‌ನಲ್ಲಿ ಅವನಿಗೂ ಸೀಟು ಬುಕ್ ಮಾಡಿ. ವಾಪಸ್ ರೈಲಿನಲ್ಲಿ ಬಂದರೆ ಆ ಖರ್ಚೂ ಇಲ್ಲ, ಬೇರೆ ಬರ್ತ್ ಕೇಳದಿದ್ದರೆ 5 ವರ್ಷದೊಳಗಿನವರಿಗೆ ಟಿಕೆಟ್ ಬೇಡ.