ಅಜ್ಜನ ಅಜ್ಜ ರಾಜರ ಜೊತೆ ಕಾಶಿಗೆ ಹೋಗಿದ್ದು ನಿಜವೇ? ಮನೆಯಲ್ಲೊಂದು ಬೆಳ್ಳಿ ಪದಕ ಇದೆ

ಕಕ್ಕಬ್ಬೆ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಾಮನೆ, ಅಂದರೆ ತವರು, ಕೊಡಗಿನ ಕಕ್ಕಬ್ಬೆ ಕಡೆ. ನಮ್ಮ ಒಕ್ಕದ (ಮನೆತನದ) ವಂಶಾವಳಿ ಬರೆದುಕೊಡು ಅಂತ ಅದರ ಯಜಮಾನರು, ಪಟ್ಟೆದಾರರಾದ ದೊಡ್ಡಪ್ಪ ಹೇಳಿದ್ದಾರೆ. ನಾನು ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದವಳು. ಆದರೂ ಹಳೇ ಮೋಡಿ ಕೈಬರಹ ಓದೋಕೆ ಮನೆಯಲ್ಲಿ ನನಗೊಬ್ಬಳಿಗೇ ಬರೋದು, ಹಾಗಾಗಿ ಒಪ್ಪಿಕೊಂಡೆ. ಅಜ್ಜನವರೆಗೆ ತೊಂದರೆ ಇಲ್ಲ, ಅವರು ಹುಟ್ಟಿದ್ದು 1912. ಅವರ ಅಜ್ಜನ ವಿಷಯಕ್ಕೆ ಬಂದಾಗಲೇ ಎಲ್ಲಾ ಗೋಜಲು.

ನಮ್ಮಲ್ಲಿ ಹೇಳಿಕೊಂಡು ಬಂದಿರೋದು ಹೀಗೆ. ಆ ಅಜ್ಜ ಕೊಡಗಿನ ರಾಜ ಚಿಕ್ಕವೀರರಾಜೇಂದ್ರರ ಕಾವಲುಪಡೆಯಲ್ಲಿದ್ದರು. 1834ರಲ್ಲಿ ಇಂಗ್ಲಿಷರು ರಾಜರನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದಾಗ ಜೊತೆಗೆ ಹೋದರು. ರಾಜರು ಒಂದು ಬೆಳ್ಳಿ ಪದಕ ಕೊಟ್ಟು ಊರಿಗೆ ವಾಪಸ್ ಕಳಿಸಿದರು. ಬಂದಮೇಲೆ ನಮ್ಮ ಬಾಣೆಯಲ್ಲಿ (ಗದ್ದೆಗೆ ಸೇರಿದ ಕಾಡುಜಾಗದಲ್ಲಿ) ಮೊದಲು ಕಾಫಿ ಹಾಕಿದವರೂ ಅವರೇ.

ಆ ಪದಕ ಈಗಲೂ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿದೆ. ಕೈಲ್‌ಪೊಳ್ದ್ ಅನ್ನೋ ಆಯುಧಪೂಜೆ ಹಬ್ಬದ ದಿನ ಕೋವಿ, ಒಡಿಕತ್ತಿಗಳ ಪಕ್ಕ ಅದನ್ನೂ ಇಟ್ಟು ಹೂ ಏರಿಸ್ತೀವಿ. ರೂಪಾಯಿಗಿಂತ ಸಾಕಷ್ಟು ದೊಡ್ಡದು. ಒಂದು ಬದಿಯಲ್ಲಿ ಬಲಗೈಲಿ ಕತ್ತಿ ಎತ್ತಿ, ಎಡಗೈಲಿ ಕೋವಿ ಹಿಡಿದು ನಿಂತ ಕೊಡವ. ಇನ್ನೊಂದು ಬದಿಯಲ್ಲಿ ಕತ್ತಿ, ಸೊಂಟಪಟ್ಟಿ, ಸುತ್ತಲೂ ಎಲೆ. ಅಂಚಿನಲ್ಲಿ ಅಕ್ಷರಗಳಿವೆ, ಆದರೆ ತಲೆತಲಾಂತರದಿಂದ ಹುಣಸೆಹಣ್ಣು ಹಾಕಿ ತಿಕ್ಕಿ ನುಣ್ಣಗಾಗಿವೆ.

ರಾಜರ ಜೊತೆ ಹೋದವರ ಪಟ್ಟಿ ಎಲ್ಲಾದರೂ ಸಿಗಬಹುದಾ? ಈ ಅಜ್ಜನ ಬದುಕು ನನಗೆ ಸರಿಯಾಗಿ ತಿಳಿಯಬೇಕು. ಹಿರಿಯರಿಗೆ ಮೀದಿ (ಎಡೆ) ಇಡುವಾಗ ಹೆಸರು ಹೇಳಿ ಕರೀತೀವಿ, ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನೋದು ಗೊತ್ತಿಲ್ಲದಿದ್ದರೆ ಹೇಗೆ?

ಪೊನ್ನಂಪೇಟೆ ಓದುಗ

ರಾಜರ ಕಥೆ ಕಾಶಿಗೇ ಮುಗಿಯಲಿಲ್ಲ ಅಕ್ಕ. 1852ರಲ್ಲಿ ಮಗಳು ಗೌರಮ್ಮನನ್ನು ಕರಕೊಂಡು ಲಂಡನ್ನಿಗೆ ಹೋದರು, ಈಸ್ಟ್ ಇಂಡಿಯಾ ಕಂಪನಿ ಹಿಡಿದಿಟ್ಟ ತಮ್ಮ ಹಣಕ್ಕಾಗಿ ಅಲ್ಲಿ ದಾವೆ ಹೂಡಿದರು, 1859ರಲ್ಲಿ ಅಲ್ಲೇ ತೀರಿಕೊಂಡರು. ಕಂಪನಿಯವರು ಇವರ ಬಗ್ಗೆ ಬರೆದ ಕಾಗದಪತ್ರ ಬೇಕಾದಷ್ಟಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೊಡಗಿನ ಕಡತಗಳನ್ನು ಕೇಳಿ ನೋಡಿ.

ರೆವಿನ್ಯೂ ನಿವೃತ್ತ, ಮಡಿಕೇರಿ

ಮಗಳೇ, ಕಾಶಿಯ ಪಟ್ಟಿ ಆಮೇಲೆ ಹುಡುಕುವ. ಮೊದಲು ಪದಕದ ವಿಷಯ. ನೀನು ಬರೆದ ಚಹರೆ ನೋಡಿದರೆ ಅದು ರಾಜರು ಕೊಟ್ಟದ್ದಲ್ಲ, ಕಂಪನಿ ಸರ್ಕಾರ ಕೊಟ್ಟದ್ದು. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ಕಡೆ ಎದ್ದ ದಂಗೆಯನ್ನು ಅಡಗಿಸಲು ನಿಂತ ಕೊಡಗಿನವರಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಇಂಥ ಪದಕ ಹಾಕಿಸಿ ಕೊಟ್ಟರು. ಯೋಧನಿರುವ ಬದಿಯಲ್ಲಿ ಕನ್ನಡ, ಕತ್ತಿ ಇರುವ ಬದಿಯಲ್ಲಿ ಇಂಗ್ಲಿಷ್. ಯೋಧನ ಕಾಲ ಕೆಳಗೆ ರೋಮನ್ ಅಂಕಿಯಲ್ಲಿ 1837 ಇರಬೇಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡು, ಸವೆದ ಅಕ್ಷರವೂ ನೆರಳು ಬಿಟ್ಟು ಕಾಣುತ್ತದೆ. ಇನ್ನು ಮೇಲೆ ಹುಣಸೆಹಣ್ಣು ಮುಟ್ಟಿಸಬೇಡಿ, ದಯವಿಟ್ಟು.

ಎರಡನೆಯದು ವಯಸ್ಸಿನ ಲೆಕ್ಕ. ನಿನ್ನ ಅಜ್ಜ 1912ರವರು. ಒಂದು ತಲೆಮಾರಿಗೆ ಮೂವತ್ತು ವರ್ಷ ಹಿಡಿದರೆ ಅವರ ಅಜ್ಜ ಹುಟ್ಟಿದ್ದು 1850ರ ಆಸುಪಾಸು. ಹಾಗಿರುವಾಗ 1834ರಲ್ಲಿ ಕಾವಲಿಗೆ ನಿಲ್ಲುವುದು ಹೇಗೆ? ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ರೂಢಿ. ಒಂದೇ ಹೆಸರಿನ ಇಬ್ಬರು ಬಾಯಿಂದ ಬಾಯಿಗೆ ಬರುವಾಗ ಒಬ್ಬರಾಗಿಬಿಡುತ್ತಾರೆ. ನಾಡಿನ ಅರ್ಧ ವಂಶಾವಳಿಗಳಲ್ಲಿ ಈ ಗಂಟು ಇದೆ. ಪದಕದವರು ಹಿರಿಯರು, ಕಾಫಿ ಹಾಕಿದವರು ಅವರ ಮೊಮ್ಮಗ ಅಂತ ನನ್ನ ಊಹೆ. ಬಿಳಿಯರು ಮಡಿಕೇರಿ ಸುತ್ತ ತೋಟ ಎಬ್ಬಿಸಿದ್ದೇ 1854ರಿಂದೀಚೆಗೆ.

ಇಬ್ಬರನ್ನೂ ಬಿಡಿಸುವುದು ಜಾಗದ ಕಾಗದದಿಂದ. ಲಿಂಗರಾಜರು 1812ರಲ್ಲಿ ಮಾಡಿಸಿದ ‘ಶಿಸ್ತು’ ಅನ್ನುವ ಜಮೀನು ಲೆಕ್ಕದಲ್ಲಿ ವರ್ಗವಾರು (ಹಿಡುವಳಿವಾರು) ಗದ್ದೆ, ಅದಕ್ಕೆ ಸೇರಿದ ಬಾಣೆ ಎಲ್ಲಾ ಬರೆದಿದೆ. ಐನ್‌ಮನೆಯ ಪೆಟ್ಟಿಗೆಯಲ್ಲಿ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಸನ್ನದು, ಅಂದರೆ ಹಕ್ಕುಪತ್ರ, ಇದ್ದರೆ ತೆಗೆ. ನೂರು ಭಟ್ಟಿ (ಗದ್ದೆಯ ಹಳೇ ಅಳತೆ) ಗದ್ದೆಗೆ ಐದು ರೂಪಾಯಿ ಕಂದಾಯ ಅಂತಿದ್ದರೆ ಜಮ್ಮಾ, ಹತ್ತು ಅಂತಿದ್ದರೆ ಸಾಗು, ಅಂದರೆ ಪೂರ್ತಿ ಕಂದಾಯದ ಜಮೀನು. ಜಮ್ಮಾದವರಿಗೆ ಕಂದಾಯ ಅರ್ಧ, ಬದಲಿಗೆ ಕರೆ ಬಂದಾಗ ಕೋವಿ ಹಿಡಿದು ಹೊರಡಬೇಕಿತ್ತು. 1837ರಲ್ಲಿ ನಿಮ್ಮವರು ಹೊರಟದ್ದೂ ಹೀಗೇ ಇರಬಹುದು. ಹೆಸರಿನ ಮುಂದೆ ಯಾರ ಮಗ ಅಂತ ಬರೆದಿದೆಯಾ ನೋಡು, ಅಷ್ಟು ಸಿಕ್ಕರೆ ಗಂಟು ಬಿಟ್ಟ ಹಾಗೆ.

ಇನ್ನೊಂದು ದಾರಿ ಇದೆ, ಯಾರೂ ಅತ್ತ ನೋಡುವುದಿಲ್ಲ. ಆ ಇಬ್ಬರು ಅಜ್ಜಂದಿರ ಹೆಂಡಂದಿರು ಯಾವ ಒಕ್ಕದ ಮಕ್ಕಳು? ಅವರ ತಾಮನೆಯವರು ಮಗಳನ್ನು ಯಾರಿಗೆ ಕೊಟ್ಟೆವು ಅನ್ನುವುದನ್ನು ನೆನಪಿಟ್ಟಿರುತ್ತಾರೆ.

ಸಂಪಾಜೆಯಿಂದ

ಅಕ್ಕ, ನಮ್ಮದು ಅರೆಭಾಷೆ ಗೌಡರ ಮನೆ. 1837ರಲ್ಲಿ ನಮ್ಮವರು ದಂಗೆ ಎದ್ದವರ ಕಡೆ ಇದ್ದರು. ಅಮರ ಸುಳ್ಯ, ಪುತ್ತೂರನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದರು, ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲೇ ಕೊಡಿ ಅಂದರು. ಜನ ಎದ್ದರು, ಮಂಗಳೂರಿನವರೆಗೂ ಹೋದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದನ್ನು ಹೇಳಿದ್ದು ನಿಮ್ಮನ್ನು ನೋಯಿಸಲಿಕ್ಕಲ್ಲ. ಪದಕ ಕಂಪನಿಯದ್ದು ಅಂತ ಗೊತ್ತಾದ ಮೇಲೆ ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಬೇಡಿ. ವಂಶಾವಳಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಮ್ಮ ಮನೆಯಲ್ಲೂ ಆ ವರ್ಷದ ಕಥೆ ಅರ್ಧವೇ ಇರುವುದು, ಇನ್ನರ್ಧ ನಿಮ್ಮಂಥವರ ಮನೆಯಲ್ಲಿದೆ.

ಕಕ್ಕಬ್ಬೆ ಮಗಳು

ಎಲ್ಲರಿಗೂ ತುಂಬಾ ಉಪಕಾರವಾಯ್ತು. ಹಿರಿಯರು ಹೇಳಿದ ಹಾಗೆ ಟಾರ್ಚ್ ಓರೆಯಾಗಿ ಹಿಡಿದೆ. ಯೋಧನ ಕಾಲಡಿ ಕೊನೆಯ ಕೆಲವು ರೋಮನ್ ಅಂಕಿ, ಹಿಂಬದಿಯಲ್ಲಿ ‘ಕೂರ್ಗ್’, ‘ಏಪ್ರಿಲ್’ ಅನ್ನೋ ಇಂಗ್ಲಿಷ್ ಅಕ್ಷರಗಳು ಎದ್ದು ಬಂದವು. ಕನ್ನಡದ ಬದಿಯಲ್ಲಿ ‘ಕುಂಪಣಿ’ ಅನ್ನೋ ಹಾಗೆ ಕಾಣುತ್ತೆ. ದೊಡ್ಡಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಬರಿ’ ಅಂದರು.

ಪೆಟ್ಟಿಗೆಯಲ್ಲಿ ಸನ್ನದು ಸಿಕ್ಕಿತು. ಹೆಸರು ನಮ್ಮ ಅಜ್ಜನ ಅಜ್ಜನದ್ದೇ, ಅದರ ಮುಂದಿರೋ ಅಪ್ಪನ ಹೆಸರು ಮಾತ್ರ ನಮ್ಮ ವಂಶಾವಳಿಯಲ್ಲಿ ಎಲ್ಲೂ ಇರಲಿಲ್ಲ. ಪದಕದವರಿಗೂ ಕಾಫಿಯವರಿಗೂ ನಡುವೆ ಇದ್ದ ಆ ಮನುಷ್ಯನ ಹೆಸರು ಹೇಳಿ ಇಷ್ಟು ಕಾಲ ಯಾರೂ ಮೀದಿ ಇಟ್ಟಿಲ್ಲ. ಈ ಪುತ್ತರಿ ಹಬ್ಬಕ್ಕೆ ಇಡ್ತೀವಿ.

ಸಂಪಾಜೆ ಅಣ್ಣ, ನಿಮ್ಮ ಮನೆಯ ಅರ್ಧ ಕಥೆಯನ್ನೂ ಬರೆದುಕೊಳ್ಳಬೇಕು ಅಂತಿದೆ, ನಿಮ್ಮ ಹಿರಿಯರು ಒಪ್ಪಿದರೆ ಬರ್ತೀನಿ.

ಕಾಶಿಗೆ ಹೋದವರು ಯಾರು ಅನ್ನೋದು ಮಾತ್ರ ಬಾಕಿ. ಪದಕದವರ ತಮ್ಮ ಇರಬಹುದು ಅಂತ ದೊಡ್ಡಪ್ಪನ ಅನುಮಾನ. ಕಾಶಿಯಿಂದ ತಿರುಗಿ ಬಂದವರ ಕಥೆ ಕಕ್ಕಬ್ಬೆ, ನಾಪೋಕ್ಲು ಕಡೆಯ ಬೇರೆ ಯಾವ ಒಕ್ಕದಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.