ಮಂಗಳೂರಲ್ಲಿ ಸರಿಪಡಿಸಿದ ಬಗ್ ಮಣಿಪಾಲದಲ್ಲಿ ಪುನಃ ಬಂತು: ಕಲಿತದ್ದನ್ನು ಇನ್ನೊಂದು ತಂಡಕ್ಕೆ ದಾಟಿಸುವುದು ಹೇಗೆ?

ಕೊಟ್ಟಾರ_ಕ್ಯೂಎ:
ನಮ್ಮಲ್ಲಿ ಎರಡು ತಂಡ. ಒಂದು ಮಂಗಳೂರಿನ ಕೊಟ್ಟಾರದಲ್ಲಿ, ಇನ್ನೊಂದು ಮಣಿಪಾಲದಲ್ಲಿ. ಎರಡೂ ಸಹಕಾರಿ ಸಂಘಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವಂಥದ್ದೇ, ಆದರೆ ಕೋಡ್ ಬೇರೆ ಬೇರೆ. ದಿನದ ವರದಿಯಲ್ಲಿ ತಾರೀಕು ತಪ್ಪುವ ಒಂದು ಬಗ್ ಇಲ್ಲಿ ಜನವರಿಯಲ್ಲೇ ಸರಿಯಾಗಿತ್ತು. ಏಪ್ರಿಲ್‌ನಲ್ಲಿ ಅದೇ ಬಗ್ ಮಣಿಪಾಲದ ಗ್ರಾಹಕರಿಂದ ದೂರಾಗಿ ಬಂತು. ‘ಲೆಸನ್ಸ್ ಲರ್ನ್ಡ್’ ಅಂತ ಎಕ್ಸೆಲ್ ಉಂಟು, ಸಾಲುಗಳು ಇನ್ನೂರು ದಾಟಿವೆ, ತೆರೆದು ನೋಡುವವರಿಲ್ಲ. ಈ ಬಗ್‌ನ ಸಾಲು ಹೀಗುಂಟು: “ಟೈಮ್‌ಝೋನ್ ಸಮಸ್ಯೆ. ಮೂಲ ಕಾರಣ: ಟೆಸ್ಟಿಂಗ್ ಸಾಕಾಗಲಿಲ್ಲ. ಕ್ರಮ: ಮುಂದೆ ಜಾಗ್ರತೆ ವಹಿಸುವುದು.” ಈಗ ತಿಂಗಳಿಗೊಮ್ಮೆ ಎರಡೂ ತಂಡ ಕೂರುವ ಮೀಟಿಂಗ್ ಇಡುವ ಅಂತ ಮೇಲಿನವರ ಆಲೋಚನೆ. ಅದರಿಂದ ಉಪಯೋಗ ಉಂಟಾ?

ಮಲ್ಪೆ_ಟೆಸ್ಟರ್:
ಮೀಟಿಂಗ್ ವಿಷಯ ಆಮೇಲೆ ನೋಡುವ. ಮೊದಲು ಆ ಸಾಲನ್ನು ಸರಿಮಾಡಿ ಮಾರಾಯ್ರೆ. ಅದನ್ನು ಓದಿದವನಿಗೆ ಎಂತ ಮಾಡಬೇಕು ಅಂತ ಗೊತ್ತಾಗುವುದಿಲ್ಲ. ‘ಟೆಸ್ಟಿಂಗ್ ಸಾಕಾಗಲಿಲ್ಲ’ ಅನ್ನುವುದನ್ನು ಯಾವ ಬಗ್‌ಗೆ ಬೇಕಾದರೂ ಅಂಟಿಸಬಹುದು, ಹಾಗಾಗಿ ಅದು ಕಾರಣವೇ ಅಲ್ಲ.

ಈ ಜಾತಿಯ ಬಗ್ ಸಾಮಾನ್ಯವಾಗಿ ಹೀಗಿರ್ತದೆ. ಸರ್ವರ್ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯದಲ್ಲಿ ಓಡ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ವರದಿಗೆ ಡೇಟಾ ಎತ್ತುವ ಕ್ವೆರಿ ಯುಟಿಸಿ ಸಮಯದಿಂದಲೇ ತಾರೀಕು ತೆಗೆದರೆ, ರಾತ್ರಿ 12ರಿಂದ ಬೆಳಗಿನ 5:30ರೊಳಗಿನ ವ್ಯವಹಾರವೆಲ್ಲ ಹಿಂದಿನ ದಿನಕ್ಕೆ ಬೀಳ್ತದೆ. ಟೆಸ್ಟರ್‌ಗಳು ಎಂಟ್ರಿ ಹಾಕುವುದು ಆಫೀಸಿನ ಹೊತ್ತಲ್ಲಿ. ಆಗ ಎರಡು ಲೆಕ್ಕದಲ್ಲೂ ತಾರೀಕು ಒಂದೇ, ನೂರು ಎಂಟ್ರಿ ಹಾಕಿದರೂ ಬಗ್ ಸಿಕ್ಕುವುದಿಲ್ಲ. ಸಂಘದ ಕೌಂಟರ್ ವ್ಯವಹಾರವೂ ಹಗಲಿನದ್ದೇ. ಎಡವಟ್ಟಾಗುವುದು ನಡುರಾತ್ರಿ ಕಳೆದ ಮೇಲೆ ಓಡುವ ಬಡ್ಡಿ ಜಮೆಯ ಬ್ಯಾಚ್‌ನಲ್ಲಿ, ಮೊಬೈಲ್ ಪಾವತಿಯಲ್ಲಿ. ಏಪ್ರಿಲ್ 1ರ ನಸುಕಿನದ್ದು ಮಾರ್ಚ್ 31ಕ್ಕೆ ಹೋದರೆ ಆರ್ಥಿಕ ವರ್ಷವೇ ಬದಲಾಗ್ತದೆ. ಉಳಿದ ದಿನ ಗಮನಕ್ಕೆ ಬಾರದ್ದು ಏಪ್ರಿಲ್‌ನಲ್ಲಿ ದೂರಾಗುವುದು ಅದಕ್ಕೇ.

ಇದನ್ನು ಹಿಡಿಯಲಿಕ್ಕೆ ನಾಲ್ಕು ಎಂಟ್ರಿ ಸಾಕು, ಎಲ್ಲ ಭಾರತೀಯ ಸಮಯ: ಮಾರ್ಚ್ 31ರ 23:59:59, ಏಪ್ರಿಲ್ 1ರ 00:00:00, 05:29:59, 05:30:00. ಬಗ್ ಇದ್ದರೆ ನಡುವಿನ ಎರಡು ಮಾತ್ರ ತಪ್ಪು ದಿನ ತೋರಿಸ್ತವೆ. ಕ್ವೆರಿಯಲ್ಲಿ ಒಂದು ದಿನ ಅಂದರೆ ಹಿಂದಿನ ದಿನದ ಯುಟಿಸಿ 18:30ರಿಂದ (ಅದೂ ಸೇರಿ) ಆ ದಿನದ 18:30ರ ತನಕ (ಅದನ್ನು ಬಿಟ್ಟು).

ಹೀಗೆ ಬರೆದರೆ ಮಣಿಪಾಲದವರು ಹತ್ತು ನಿಮಿಷದಲ್ಲಿ ಪರೀಕ್ಷೆ ಮಾಡಿ ನೋಡಬಹುದು. ನಾನು ಕೇಳುವುದು ನಾಲ್ಕೇ ಸಂಗತಿ: ಬಳಕೆದಾರನಿಗೆ ಕಂಡದ್ದೇನು, ಯಾವ ಸ್ಥಿತಿಯಲ್ಲಿ ಮಾತ್ರ ಬರ್ತದೆ, ಯಾವ ಹಂತದಲ್ಲಿ ಏಕೆ ತಪ್ಪಿಸಿಕೊಂಡಿತು, ಈಗ ಯಾವ ಫೈಲಿನಲ್ಲಿ ಎಂತ ಬದಲಾಯಿತು. ಶೀರ್ಷಿಕೆ ಮೊದಲನೆಯದರಿಂದಲೇ ಬರಲಿ. ‘ಬಡ್ಡಿ ಹಿಂದಿನ ದಿನದ ವರದಿಯಲ್ಲಿ ಬರ್ತದೆ’ ಅಂತ ಇದ್ದರೆ ಹುಡುಕುವವನಿಗೆ ಸಿಕ್ಕೀತು. ಟೈಮ್‌ಝೋನ್ ಅಂತ ಗೊತ್ತಿದ್ದವನು ಹುಡುಕಲಿಕ್ಕೇ ಬರುವುದಿಲ್ಲ.

ಪ್ರೋಸೆಸ್_ಕುಡ್ಲ:
ಮೇಲಿನವರು ಹೇಳಿದ್ದು ಸರಿ, ಆದರೆ ಎಷ್ಟು ಚಂದ ಬರೆದರೂ ಎಕ್ಸೆಲ್ ಎಕ್ಸೆಲ್ಲೇ. ಪಾಠ ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ಇನ್‌ಸ್ಪೆಕ್ಷನ್ ಬಗ್ಗೆ ಬರೆದಾಗಲೇ ಇದು ಉಂಟು: ಇತ್ತೀಚೆಗೆ ಯಾವ ಬಗೆಯ ತಪ್ಪು ಹೆಚ್ಚು ಸಿಕ್ಕಿದೆ ಅಂತ ಪಟ್ಟಿ ನೋಡಿಕೊಂಡೇ ತಂಡ ಕೋಡ್ ಓದಬೇಕು.

ಈ ಬಗ್‌ಗೆ ಮೊದಲ ಆಯ್ಕೆ ಬಿಲ್ಡ್‌ನಲ್ಲೇ, ಅಂದರೆ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವಾಗಲೇ, ತಡೆ. ತಾರೀಕು ತೆಗೆಯಲಿಕ್ಕೆ ಒಂದೇ ಕಾಮನ್ ಫಂಕ್ಷನ್ ಇರಲಿ. ಬೇರೆಲ್ಲಾದರೂ ಸಮಯದ ಕಾಲಂನಿಂದ ನೇರ ತಾರೀಕು ತೆಗೆದರೆ ಸಿಐ ಬಿಲ್ಡ್ (ಕೋಡ್ ಬದಲಾದಾಗಲೆಲ್ಲ ತಾನಾಗಿ ಓಡುವಂಥದ್ದು) ಫೇಲ್ ಆಗಲಿ. ಅದಾಗದಿದ್ದರೆ ಆ ನಾಲ್ಕು ಎಂಟ್ರಿಗಳನ್ನು ರಿಗ್ರೆಶನ್ ಡೇಟಾಕ್ಕೆ (ಬದಲಾವಣೆ ಆದಾಗ ಮತ್ತೆ ಓಡಿಸುವ ಪರೀಕ್ಷೆಗಳ ಡೇಟಾ) ಸೇರಿಸಿ. ರಿವ್ಯೂ ಚೆಕ್‌ಲಿಸ್ಟ್ ಕೊನೆಯ ದಾರಿ. ಅದು ಒಂದು ಪುಟ ಮೀರಿದರೆ ಜನ ಓದದೆ ಟಿಕ್ ಹಾಕ್ತಾರೆ, ಆಮೇಲೆ ಇದ್ದೂ ಇಲ್ಲದ ಹಾಗೆ. ಹೊಸ ಸಾಲು ಬಂದರೆ ಹಳೆಯದೊಂದು ಹೋಗಲಿ, ಬಿಲ್ಡ್ ಹಿಡಿಯುವಂಥದ್ದನ್ನು ಮೊದಲು ತೆಗೆಯಿರಿ.

ಇನ್ನೊಂದು ಮುಖ್ಯ ಸಂಗತಿ, ಪಾಠವನ್ನು ಮುಚ್ಚುವ ಅಧಿಕಾರ ಬರೆದ ತಂಡಕ್ಕೆ ಬೇಡ. ಕೊಟ್ಟಾರದ ಟಿಕೆಟ್‌ಗೆ (ಬಗ್‌ನ ದಾಖಲೆ) ಮಣಿಪಾಲದ ಬ್ಯಾಕ್‌ಲಾಗ್‌ನಲ್ಲಿ (ಬಾಕಿ ಕೆಲಸದ ಪಟ್ಟಿ) ಜೋಡಿ ಟಿಕೆಟ್ ತೆರೆಯಿರಿ, ಅಲ್ಲಿನ ಒಬ್ಬರ ಹೆಸರಿನಲ್ಲಿ, ಒಂದು ವಾರದ ಗಡುವಿಗೆ. ‘ನಮಗೆ ಅನ್ವಯಿಸುವುದಿಲ್ಲ’ ಅಂತ ಮುಚ್ಚಬಹುದು, ಆದರೆ ಆ ನಾಲ್ಕು ಎಂಟ್ರಿ ಓಡಿಸಿದ ಫಲಿತಾಂಶ ಅಂಟಿಸಿಯೇ ಮುಚ್ಚಬೇಕು.

ಆಡಿಟ್_ಬಿಜೈ:
ಐಎಸ್‌ಒ ಗುಣಮಟ್ಟ ಮಾನದಂಡದ ಕಡೆಯಿಂದ ಒಂದು ಮಾತು. ಐಎಸ್‌ಒ 9001:2015ರ ಕಲಂ 7.1.6 ಸಂಸ್ಥೆಗೆ ಬೇಕಾದ ಜ್ಞಾನ ಯಾವುದು ಅಂತ ಗುರುತಿಸಿ, ಕಾಪಾಡಿ, ಬೇಕಾದವರಿಗೆ ಸಿಗುವ ಹಾಗೆ ಮಾಡಲು ಹೇಳ್ತದೆ. ಎಕ್ಸೆಲ್ ಇಡಿ ಅಂತ ಎಲ್ಲೂ ಹೇಳಿಲ್ಲ. ನಿಮ್ಮ ಪ್ರಶ್ನೆಗೆ ಹತ್ತಿರದ್ದು 10.2: ಅಂಥದ್ದೇ ತಪ್ಪು ಬೇರೆ ಕಡೆ ಉಂಟಾ, ಆಗುವ ಸಾಧ್ಯತೆ ಉಂಟಾ ಅಂತ ನೋಡಬೇಕು, ಕೈಗೊಂಡ ಕ್ರಮ ಫಲಿಸಿತಾ ಅಂತಲೂ ಪರಿಶೀಲಿಸಬೇಕು. ಮೇಲೆ ಹೇಳಿದ ಜೋಡಿ ಟಿಕೆಟ್ ಇದಕ್ಕೆ ಒಳ್ಳೆಯ ಪುರಾವೆ.

ಸಿಎಂಎಂಐ (ಸಂಸ್ಥೆಯ ಕೆಲಸದ ಕ್ರಮ ಎಷ್ಟು ಪಕ್ವ ಅಂತ ಅಳೆಯುವ ಮಾದರಿ) 1.3ರಲ್ಲಿ ಕಾಸಲ್ ಅನಾಲಿಸಿಸ್, ಅಂದರೆ ಮೂಲ ಕಾರಣ ಹುಡುಕುವುದು, ಎಲ್ಲಕ್ಕಿಂತ ಮೇಲಿನ ಲೆವೆಲ್ 5ರಲ್ಲಿ ಇತ್ತು, ಹಾಗಾಗಿ ‘ನಮಗೆ ಇನ್ನೂ ಸಮಯ ಉಂಟು’ ಅಂತ ಹಲವರು ಬಿಟ್ಟರು. 2018ರ 2.0 ಆವೃತ್ತಿಯಿಂದ ಅದರ ಅಭ್ಯಾಸಗಳು ಲೆವೆಲ್ 1ರಿಂದಲೇ ಶುರು.

ಕೊಟ್ಟಾರ_ಕ್ಯೂಎ:
ಜೋಡಿ ಟಿಕೆಟ್ ಈ ವಾರವೇ ಶುರು ಮಾಡ್ತೇವೆ. ಎರಡು ಮಂಡೆಬಿಸಿ ಉಳಿದಿದೆ. ಗ್ರಾಹಕರ ಜತೆ ಗೌಪ್ಯತಾ ಒಪ್ಪಂದ ಉಂಟು, ಎಷ್ಟರ ಮಟ್ಟಿಗೆ ಹಂಚಬಹುದು? ಮತ್ತೆ ಮ್ಯಾನೇಜರ್ ‘ತಿಂಗಳಿಗೆ ಎಷ್ಟು ಪಾಠ ಹಂಚಿದಿರಿ’ ಅಂತ ಸಂಖ್ಯೆ ಕೇಳ್ತಾರೆ.

ಮಲ್ಪೆ_ಟೆಸ್ಟರ್:
ಒಪ್ಪಂದದ ಪ್ರತಿಯನ್ನು ಒಮ್ಮೆ ಓದಿಸಿಕೊಳ್ಳಿ. ಸಂಘದ ಹೆಸರು, ಖಾತೆ ಸಂಖ್ಯೆ, ಸ್ಕ್ರೀನ್‌ಶಾಟ್, ಲಾಗ್‌ನ (ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ) ತುಣುಕು ಯಾವುದೂ ಬೇಡ. ದೋಷ ಹೇಗೆ ಆಗ್ತದೆ ಅನ್ನುವುದು ಮತ್ತು ನೀವೇ ಸೃಷ್ಟಿಸಿದ ಪರೀಕ್ಷಾ ಡೇಟಾ ಮಾತ್ರ ಇರಲಿ. ಲಾಗ್‌ನಲ್ಲಿ ಮೊಬೈಲ್ ನಂಬರ್ ನುಸುಳಿ ಬರುವುದು ಹೆಚ್ಚು, ಅದರ ಮೇಲೆ ಕಣ್ಣಿಡಿ.

ಪ್ರೋಸೆಸ್_ಕುಡ್ಲ:
ಪಾಠಗಳ ಸಂಖ್ಯೆ ಕೊಟ್ಟರೆ ಮುಂದಿನ ತಿಂಗಳು ಪಾಠ ಹೆಚ್ಚಾಗ್ತದೆ, ಬಗ್ ಅಷ್ಟೇ ಇರ್ತದೆ. ಅದರ ಬದಲು ಗ್ರಾಹಕರಿಂದ ಬಂದ ಪ್ರತಿ ಬಗ್‌ಗೆ ಒಂದು ಗುರುತು ಹಾಕಿ: ಇದರ ಪಾಠ ಮೊದಲೇ ಇರಲಿಲ್ಲ, ಇತ್ತು ಆದರೆ ತಲುಪಲಿಲ್ಲ, ತಲುಪಿತು ಆದರೆ ಹಿಡಿಯಲಿಲ್ಲ. ಎರಡನೆಯದು ಹೆಚ್ಚಿದ್ದರೆ ಜೋಡಿ ಟಿಕೆಟ್ ನಡೆಯುತ್ತಿಲ್ಲ ಅಂತ ಅರ್ಥ. ಮೂರನೆಯದು ಹೆಚ್ಚಿದ್ದರೆ ಚೆಕ್‌ಲಿಸ್ಟ್ ಸಾಲನ್ನು ಬಿಲ್ಡ್ ತಡೆಯಾಗಿ ಮಾಡುವ ಹೊತ್ತು ಬಂತು.

ತಿಂಗಳಿಂದ ತಿಂಗಳಿಗೆ ಹೋಲಿಸಿ ಗಾಬರಿಯಾಗುವುದೂ ಬೇಡ. ತಿಂಗಳಿಗೆ ಸರಾಸರಿ 4 ಬಗ್ ಬರುವ ತಂಡಕ್ಕೆ ಸಿ-ಚಾರ್ಟ್‌ನ (ದೋಷಗಳ ಎಣಿಕೆಯ ಮಾಮೂಲಿ ಏರಿಳಿತದ ಮಿತಿ ತೋರಿಸುವ ನಕ್ಷೆ) ಮೇಲಿನ ಮಿತಿ 4ಕ್ಕೆ ಅದರ ವರ್ಗಮೂಲದ ಮೂರು ಪಟ್ಟು ಕೂಡಿಸಿದರೆ 10, ಕೆಳಗಿನದ್ದು ಸೊನ್ನೆ. ಒಂದು ತಿಂಗಳು 8 ಬಂದರೂ ಅದು ಮಾಮೂಲಿ ಏರಿಳಿತದೊಳಗೇ ಉಂಟು.

ಮೀಟಿಂಗ್ ಇಟ್ಟರೆ ಐದಾರು ಜನ, ಒಂದು ಗಂಟೆ, ಎರಡೋ ಮೂರೋ ಬಗ್ ಸಾಕು. ಬಗ್ ಮಾಡಿದವರ ಹೆಸರು ಸ್ಲೈಡಿನಲ್ಲಿ ಬೇಡ, ಅಪ್ರೈಸಲ್‌ಗೂ ಆ ಲೆಕ್ಕ ಹೋಗಬಾರದು. ಒಮ್ಮೆ ಹೋಯಿತು ಅಂತ ಗೊತ್ತಾದರೆ ಮುಂದಿನ ಸಲದಿಂದ ಎಲ್ಲ ಬಗ್‌ಗೂ ಕಾರಣ ‘ರಿಕ್ವೈರ್‌ಮೆಂಟ್ ಸ್ಪಷ್ಟ ಇರಲಿಲ್ಲ’ ಅಂತಲೇ ಬರ್ತದೆ.