ನಾಲ್ಕನೇ ಕ್ಲಾಸಿನ ಮಗಳಿಗೆ ಒತ್ತಕ್ಷರ ಬರುತ್ತಿಲ್ಲ, ಟ್ಯೂಷನ್‌ಗೆ ಹಾಕಲಾ? ಅನುಭವ ಇದ್ದವರು ಹೇಳಿ

ಶಿರಾದ ಅಪ್ಪ:
ಮಗಳು ಈ ವರ್ಷ (2022-23) ನಾಲ್ಕನೇ ಕ್ಲಾಸು, ಸರ್ಕಾರಿ ಶಾಲೆ. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಚಿಕ್ಕ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಇವಳು ಮೂರನೇ ಕ್ಲಾಸು. ಎರಡನೇ ಕ್ಲಾಸಿನ ಬೆಂಚನ್ನೇ ನೋಡಿಲ್ಲ. ಮರ, ಸರ ಓದುತ್ತಾಳೆ. 'ಪುಸ್ತಕ' ಬಂದರೆ ನನ್ನ ಮುಖ ನೋಡುತ್ತಾಳೆ. ಬೋರ್ಡ್ ಮೇಲಿದ್ದದ್ದನ್ನು ಮುತ್ತಿನಂತೆ ಬರೆದುಕೊಂಡು ಬರುತ್ತಾಳೆ, ಅದನ್ನೇ ಓದು ಅಂದರೆ ಬರುವುದಿಲ್ಲ. ಶಾಲೆಯಲ್ಲಿ ಕಲಿಕಾ ಚೇತರಿಕೆ (ಕೊರೊನಾದಲ್ಲಿ ತಪ್ಪಿಹೋದ ಪಾಠ ತುಂಬಿಸೋದು) ಹಾಳೆ ಮಾಡಿಸುತ್ತಿದ್ದಾರೆ. ಪಕ್ಕದ ಬೀದಿಯಲ್ಲಿ ಟ್ಯೂಷನ್ ಇದೆ, ತಿಂಗಳಿಗೆ 500. ಹಾಕಲಾ? ಇಲ್ಲ ಒಂದು ವರ್ಷ ಹಿಂದಕ್ಕೆ ಕೂರಿಸಲಾ?

ಶಿಡ್ಲಘಟ್ಟದ ಅಮ್ಮ:
ಅಣ್ಣ, ಏನಾದರೂ ಮಾಡಿ, ಟ್ಯಾಬ್ ಮಾತ್ರ ತಗೋಬೇಡಿ. ನಮ್ಮದು ರೀಲಿಂಗ್ ಮನೆ, ರೇಷ್ಮೆ ಗೂಡಿಂದ ನೂಲು ಬಿಚ್ಚೋ ಕೆಲಸ. ಲಾಕ್‌ಡೌನ್‌ನಲ್ಲಿ ಕೆಲಸವೇ ಇರಲಿಲ್ಲ, ಅಂಥ ಹೊತ್ತಲ್ಲಿ ಟೈ ಕಟ್ಟಿಕೊಂಡ ಹುಡುಗ ಒಬ್ಬ ಬಾಗಿಲಿಗೆ ಬಂದ. 'ಮೇಡಂ, ನಿಮ್ಮ ಮಗ ಎರಡು ವರ್ಷ ಹಿಂದೆ ಬೀಳ್ತಾನೆ' ಅಂತ ಹೆದರಿಸಿದ. ಟ್ಯಾಬ್ 11,400. ಕೋರ್ಸು 24,000, ತಿಂಗಳಿಗೆ 2,000ದಂತೆ ಹನ್ನೆರಡು ಕಂತು. ಕವರು 350. ನೆಟ್ ಬೇರೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ನನ್ನ ಮಗನಿಗೆ ಕನ್ನಡದ ಕಾಗುಣಿತವೇ ಬರುತ್ತಿರಲಿಲ್ಲ! ಮೂರನೇ ತಿಂಗಳಿಗೆ ಪಾಠ ಬಿಟ್ಟು ಕಾರ್ ರೇಸು ಶುರು. ಬೇಡ ಅಂತ ಫೋನ್ ಮಾಡಿದರೆ ಹಿಂದಿ, ಆಮೇಲೆ ಇಂಗ್ಲಿಷ್, ಆಮೇಲೆ ಹಾಡು. ಖಾತೆಯಲ್ಲಿ ದುಡ್ಡಿಲ್ಲದೆ ಎರಡು ಸಲ ಕಂತು ವಾಪಸಾಯಿತು, ಬ್ಯಾಂಕು ಒಂದೊಂದು ಸಲಕ್ಕೂ 590 ಹಿಡಿದುಕೊಂಡಿತು. ನನ್ನ ಓಲೆ ಇನ್ನೂ ಅಡವಿನಲ್ಲೇ ಇದೆ. ಟ್ಯಾಬ್ ಬೀರುವಿನಲ್ಲಿದೆ.

ಪಾವಗಡದ ಮೇಷ್ಟ್ರು:
ಟ್ಯೂಷನ್ ಬೇಡ, ಟ್ಯಾಬೂ ಬೇಡ. ನಾನು ನಲಿ-ಕಲಿ ಮೇಷ್ಟ್ರು (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ), ಹೇಳುತ್ತೇನೆ ಕೇಳಿ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ, ಅಂದರೆ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ, ಶುರುವಾದಾಗ ನಾವು ಊರೂರಿಗೆ ಹೋಗಿ ಪಾಠ ಮಾಡಿದವರು. ದೇವಸ್ಥಾನದ ಜಗಲಿ, ಬೇವಿನ ಮರದ ಕೆಳಗೆ, ಒಬ್ಬರ ಮನೆ ದನದ ಕೊಟ್ಟಿಗೆ ಪಕ್ಕ ಕೂಡ. ಟಾರ್ಪಾಲು ನನ್ನದು, ಪೆಟ್ರೋಲು ನನ್ನದು, ಚಾಕ್‌ಪೀಸೂ ನನ್ನದೇ. ಅಕ್ಟೋಬರ್‌ನಲ್ಲಿ ನಿಲ್ಲಿಸಿ ಅಂದರು. ಜನವರಿಗೆ ಮತ್ತೆ ಶುರುವಾದಾಗ ದೊಡ್ಡ ಕ್ಲಾಸಿನವರಿಗೆ ಮಾತ್ರ, ನನ್ನ ಚಿಕ್ಕ ಮಕ್ಕಳಿಗಿಲ್ಲ. ಇನ್ನು ನಮ್ಮ ಕಡೆ ಮನೆಯಲ್ಲಿ ತೆಲುಗು. ಶಾಲೆ ಮುಚ್ಚಿದರೆ ಕನ್ನಡದ ಬಾಯಿಯೇ ಮುಚ್ಚಿದ ಹಾಗೆ. ಹತ್ತೊಂಬತ್ತು ತಿಂಗಳ ಮೇಲೆ ಬಂದ ಮಕ್ಕಳು 'ನೀಳ್ಳು' ಕೇಳುತ್ತಿದ್ದರು, 'ನೀರು' ಮರೆತೇಹೋಗಿತ್ತು. ಇಪ್ಪತ್ತೊಂದು ಮಕ್ಕಳಲ್ಲಿ ಈಗ ಹದಿನಾರು ಜನ ಒತ್ತಕ್ಷರ ಓದುತ್ತಾರೆ. ಹೇಗೆ ಅಂದರೆ, ಯಾವ ಮೆಟ್ಟಿಲಲ್ಲಿ ನಿಂತಿದ್ದರೋ ಅಲ್ಲಿಂದಲೇ ಹತ್ತಿಸಿದೆ. ಒಂದೇ ಕೋರಿಕೆ: ನಾವು ರ, ಗ, ಸ, ದ, ಅ ಅಂತ ಶುರು ಮಾಡುತ್ತೇವೆ. ದಯವಿಟ್ಟು ಮನೆಯಲ್ಲಿ ಅ ಆ ಇ ಈ ಬಾಯಿಪಾಠ ಮಾಡಿಸಿ ಗೊಂದಲ ಮಾಡಬೇಡಿ.

ಗುಬ್ಬಿಯ ಅಕ್ಕ:
ಗೊಂದಲವಾ? ಮೇಷ್ಟ್ರೇ, ನಮ್ಮಜ್ಜಿ ಮರಳಿನ ಮೇಲೆ ಅ ಆ ಇ ಈ ಬರೆಸಿದ್ದೇ ನನಗೆ ಇವತ್ತಿಗೂ ಊಟ ಹಾಕುತ್ತಿರುವುದು. ನನ್ನ ಇಬ್ಬರಿಗೂ ಲಾಕ್‌ಡೌನ್‌ನಲ್ಲಿ ನಾನೇ ಕಲಿಸಿದೆ. ಅಡಿಕೆ ಹತ್ತತ್ತು ಗುಡ್ಡೆ ಮಾಡಿಸಿ ದಶಕ ಕಲಿಸಿದೆ. 52ರಲ್ಲಿ 27 ಕಳೆ ಅಂದರೆ ದೊಡ್ಡವನು 35 ಬರೆಯುತ್ತಿದ್ದ. 2ರಲ್ಲಿ 7 ಹೋಗಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆದುಬಿಡುತ್ತಿದ್ದ. ಒಂದು ಗುಡ್ಡೆ ಒಡೆದು ಬಿಡಿ ಮಾಡು ಅಂದ ದಿನ ಅವನಿಗೇ ಹೊಳೆಯಿತು. ಒಂದು ಪೈಸೆ ಖರ್ಚಿಲ್ಲ. ತಾಯಂದಿರು ದಿನಕ್ಕೆ ಒಂದು ಗಂಟೆ ಕೂತರೆ ಈ ಟ್ಯೂಷನ್, ಟ್ಯಾಬ್ ಯಾವುದೂ ಬೇಕಿಲ್ಲ.

ಶಿಡ್ಲಘಟ್ಟದ ಅಮ್ಮ:
ಅಕ್ಕಾ, ಒಂದು ಗಂಟೆ ಎಲ್ಲಿಂದ ತರಲಿ? ಬೆಳಗಿನ ಜಾವದಿಂದ ಬಿಸಿನೀರಲ್ಲಿ ಕೈ ಅದ್ದಿ ನೂಲು ಬಿಚ್ಚಿದವಳು ಸಂಜೆ ಚಪಾತಿ ಲಟ್ಟಿಸೋದಕ್ಕೇ ಬೆರಳು ಮಡಚೋಕಾಗಲ್ಲ. ನಿಮಗೆ ಅಡಿಕೆ ತೋಟ ಇದೆ, ಗುಡ್ಡೆ ಹಾಕಿ.

ಗುಬ್ಬಿಯ ಅಕ್ಕ:
ತೋಟ ಎಲ್ಲಿದೆ ನಮಗೆ! ಸುಲಿಯೋಕೆ ಹೋಗೋಳು ನಾನು. ತಿಳಿಯದೆ ಮಾತಾಡಬೇಡಿ.

ಕೋಲಾರದ ಟೊಮೆಟೊ:
ಹಿಂದಕ್ಕೆ ಕೂರಿಸುವ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಗ ಖಾಸಗಿ ಶಾಲೆಯಲ್ಲಿದ್ದ. ಶಾಲೆ ಮುಚ್ಚಿದ್ದರೂ ಫೀಸು ಕೇಳಿದರು. ಆ ಬೇಸಿಗೆ ಟೊಮೆಟೊ ರಸ್ತೆಗೆ ಸುರಿದೆ, ಕ್ರೇಟಿನ ಬಾಡಿಗೆ ಕೂಡ ಹುಟ್ಟಲಿಲ್ಲ. ಬಾಕಿ 18,500 ಕಟ್ಟಿದರೇ ಟಿಸಿ ಅಂದರು. ಏಳು ಸಲ ಅಲೆದೆ. ಕೊನೆಗೆ ಹಸು ಮಾರಿ 12,000 ಕೊಟ್ಟೆ, ಮಿಕ್ಕಿದ್ದು ಬಿಟ್ಟರು. ಸರ್ಕಾರಿ ಶಾಲೆಗೆ ಬಂದು ಒಂದು ಕ್ಲಾಸು ಕೆಳಗೆ ಹಾಕಿ ಅಂದರೆ, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ಬಗ್ಗೆ ಸರ್ಕಾರದ ಕಂಪ್ಯೂಟರ್ ದಾಖಲೆ) ನಾಲ್ಕು ಅಂತ ಇದೆ, ಆಗಲ್ಲ ಅಂದರು. ಆದರೆ ಹೆಡ್‌ಮೇಡಂ ಪುಣ್ಯಾತ್ಗಿತ್ತಿ. ಹಾಜರಿ ನಾಲ್ಕರಲ್ಲಿ, ಬೆಳಗ್ಗೆ ಕನ್ನಡದ ಹೊತ್ತಿಗೆ ಮಾತ್ರ ನಲಿ-ಕಲಿ ಕೋಣೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸಿದರು. ಮೊದಲ ವಾರ ಅತ್ತ. ಆಮೇಲೆ ಅಲ್ಲಿ ಅವನೇ ಲೀಡರ್ರು, ಚಿಕ್ಕವರಿಗೆ ಕಾರ್ಡು ಹುಡುಕಿ ಕೊಡೋನು. ದೀಪಾವಳಿ ಹೊತ್ತಿಗೆ ಪಟಾಕಿ ಡಬ್ಬದ ಮೇಲಿನ ಕನ್ನಡ ಓದಿದ. ಎಲ್ಲಾ ಮೇಷ್ಟ್ರುಗಳು ಹಾಗಿರಲ್ಲ ಬಿಡಿ, ಹತ್ತೊಂಬತ್ತು ತಿಂಗಳು ಮನೆಯಲ್ಲಿ ಕೂತು ಸಂಬಳ ತಗೊಂಡವರೇ ಜಾಸ್ತಿ.

ಪಾವಗಡದ ಮೇಷ್ಟ್ರು:
ಕೂತು? ಸ್ವಾಮಿ, ಮನೆ ಮನೆಗೆ ಅಕ್ಕಿ-ಬೇಳೆ ಮುಟ್ಟಿಸಿದವರು ಯಾರು? ಕೋವಿಡ್ ಸರ್ವೆಗೆ ಹೋದವರು ಯಾರು? ನನ್ನ ಜೊತೆಗಿದ್ದ ಒಬ್ಬರು ವಾಪಸ್ ಬರಲೇ ಇಲ್ಲ. ಅವರ ಕ್ಲಾಸನ್ನೂ ನಾನೇ ನೋಡಿಕೊಂಡೆ. ಈ ವರ್ಷ ಮೇ 16ಕ್ಕೇ, ಹದಿನೈದು ದಿನ ಮೊದಲೇ ಶಾಲೆ ಶುರು ಮಾಡಿದೆವು. ಬಾಯಿಗೆ ಬಂದದ್ದು ಬರೆಯಬೇಡಿ.

ಕೋಲಾರದ ಟೊಮೆಟೊ:
ನಿಮಗಲ್ಲ ಹೇಳಿದ್ದು. ನಮ್ಮೂರಿನಲ್ಲಿ ಒಬ್ಬರಿದ್ದಾರೆ, ಅವರಿಗೆ.

ಪಾವಗಡದ ಮೇಷ್ಟ್ರು:
'ಅವರೇ ಜಾಸ್ತಿ' ಅಂದಿದ್ದೀರಿ. ಒಬ್ಬರು ಹೇಗೆ ಜಾಸ್ತಿ ಆಗುತ್ತಾರೆ?

ಗುಬ್ಬಿಯ ಅಕ್ಕ:
ಲೆಕ್ಕದ ಮೇಷ್ಟ್ರು ಸಿಕ್ಕಿಕೊಂಡರು ನೋಡಿ 😄 ಅಡಿಕೆ ಕೊಡಲಾ?

ಶಿರಾದ ಅಪ್ಪ:
ಟ್ಯೂಷನ್ ಬೇಡ ಅಂದಿರಿ, ಯಾಕೆ ಅಂತ ಯಾರೂ ಬಿಡಿಸಿ ಹೇಳಲೇ ಇಲ್ಲ. ಇರಲಿ. ನಿನ್ನೆ ಆ ಟ್ಯೂಷನ್ ಮನೆಗೆ ಹೋಗಿ ಕಿಟಕಿಯಲ್ಲಿ ನೋಡಿದೆ. ಅಲ್ಲೂ ಮಕ್ಕಳು ಶಾಲೆಯ ಹಾಳೆಗಳನ್ನೇ ನೋಡಿ ನೋಡಿ ಬರೆಯುತ್ತಿದ್ದರು. ಹಾಕಿಲ್ಲ. ಸೋಮವಾರ ಹೆಡ್‌ಮೇಡಂ ಹತ್ತಿರ ಕೋಲಾರದವರು ಹೇಳಿದ ಹಾಗೆ ಬೆಳಗಿನ ಹೊತ್ತು ಕೇಳುತ್ತೇನೆ. ಮೇಷ್ಟ್ರೇ, ಅವರು ಒಪ್ಪದಿದ್ದರೆ ಏನು ಮಾಡಲಿ?

ಪಾವಗಡದ ಮೇಷ್ಟ್ರು:
ಒಪ್ಪುತ್ತಾರೆ. ಜಗಳ ಮಾಡುತ್ತಾ ಹೋಗಬೇಡಿ, ಅಷ್ಟೇ. ಮಗಳು ಎಲ್ಲಿ ನಿಲ್ಲುತ್ತಾಳೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾಗುಣಿತದಲ್ಲಾ, ಒತ್ತಿನಲ್ಲಾ, ಯಾವ ಒತ್ತಿನಲ್ಲಿ.

ಕೋಲಾರದ ಟೊಮೆಟೊ:
ಶಿಡ್ಲಘಟ್ಟದ ಅಕ್ಕಾ, ಆ ಟ್ಯಾಬ್ ಕೊಡೋದಾದರೆ ಹೇಳಿ. ಮಾರ್ಕೆಟ್ ರೇಟು ನೋಡೋಕೆ ಬೇಕಿತ್ತು. 3,000 ಕೊಡುತ್ತೇನೆ.

ಶಿಡ್ಲಘಟ್ಟದ ಅಮ್ಮ:
ಮೂರು ಸಾವಿರಕ್ಕಾ? ಕವರೇ 350 ಅಣ್ಣ.